ಸರಿಯಾದ ಸಮಯ ಎಲ್ಲಿಂದ ಬರುತ್ತದೆ?



ನನ್ನ ತಂಗಿಯ ಮಗ ತನ್ನ ಮನೆಯ ತಾರಸಿಯ ಮೇಲೆ ಒಂದು ಕಬ್ಬಿಣದ ಕೊಳವೆ ನಿಲ್ಲಿಸಿ, ಅದರ ತುದಿಗೆ ಅಣಬೆಯಂಥ ಬಿಳಿಯ ಆಂಟೆನಾವೊಂದನ್ನು ಕೂರಿಸಿದ್ದಾನೆಂಬ ಸುದ್ದಿ ನಮ್ಮ ಬಂಧುವರ್ಗದಲ್ಲಿ ಈಗಾಗಲೇ ಹಬ್ಬಿದೆ. ಅದು ಟಿವಿಗಾಗಿ ಅಲ್ಲ, ಇಂಟರ್‌ನೆಟ್ಟಿಗಾಗಿಯೂ ಅಲ್ಲ, ಕೇವಲ ಸಮಯ ತಿಳಿಯುವುದಕ್ಕಾಗಿ ಎಂದು ಕೇಳಿ ಹಲವರು ನಕ್ಕಿದ್ದಾರೆ. ಗೋಡೆಯ ಮೇಲೆ ಗಡಿಯಾರವಿದೆ, ಕೈಯಲ್ಲಿ ಮೊಬೈಲಿದೆ, ಇನ್ನು ತಾರಸಿ ಹತ್ತಿ ಸಮಯ ಹಿಡಿಯುವುದೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇತಿಹಾಸ ಪಾಠ ಹೇಳಿ ಬದುಕಿದವನಿಗೆ ಆ ಅಣಬೆಯ ಹಿಂದೆ ಇನ್ನೂರು ವರ್ಷಗಳ ಕಥೆ ಕಾಣುತ್ತದೆ. ಅದನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ.

ನಿಮ್ಮ ಗೋಡೆಯ ಗಡಿಯಾರ ಸರಿಯಾಗಿದೆಯೆಂದು ನಿಮಗೆ ಹೇಗೆ ಗೊತ್ತು? ಮೊಬೈಲ್ ನೋಡಿ ಸರಿಮಾಡಿದ್ದೀರಿ. ಮೊಬೈಲಿಗೆ ಯಾರು ಹೇಳಿದರು? ದೂರವಾಣಿ ಜಾಲ ಹೇಳಿತು. ಆ ಜಾಲಕ್ಕೆ? ಅನೇಕ ಮೊಬೈಲ್ ಗೋಪುರಗಳ ಮೇಲೆ ಇಂಥದೇ ಒಂದು ಬಿಳಿಯ ಅಣಬೆ ಇರುತ್ತದೆ, ಕತ್ತೆತ್ತಿ ನೋಡುವವರಿಲ್ಲ ಅಷ್ಟೆ. ಸರಿಯಾದ ಸಮಯವೆಂಬುದು ಯಾರ ಮನೆಯಲ್ಲಿಯೂ ಹುಟ್ಟುವುದಿಲ್ಲ. ಎಲ್ಲರೂ ಎಲ್ಲಿಂದಲೋ ಎರವಲು ತರುತ್ತಾರೆ. ಯಾರಿಂದ ತರುತ್ತೇವೆ, ತಂದದ್ದು ಸರಿಯೇ ತಪ್ಪೇ ಎಂದು ಪರೀಕ್ಷಿಸುವ ದಾರಿ ನಮ್ಮ ಬಳಿ ಇದೆಯೇ ಎಂಬುದೇ ಈ ಇತಿಹಾಸದ ಮುಖ್ಯ ಪ್ರಶ್ನೆಯೆಂದು ನನ್ನ ಎಣಿಕೆ.

ಒಂದು ಕಾಲದಲ್ಲಿ ಪ್ರತಿ ಊರಿಗೂ ಅದರದೇ ಹೊತ್ತು ಇತ್ತು. ಸೂರ್ಯ ನೆತ್ತಿಗೆ ಬಂದರೆ ಆ ಊರಿನ ಮಧ್ಯಾಹ್ನ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕೆಂದು ನಿಮಗೆ ಎಂಟನೆಯ ತರಗತಿಯಲ್ಲಿಯೇ ಹೇಳಿಕೊಟ್ಟಿದ್ದೆ. ಈಗಿನ ಭಾರತೀಯ ಕಾಲಮಾನ 82½ ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರು ಇರುವುದು ಸುಮಾರು 77.6ರಲ್ಲಿ. ಆದ್ದರಿಂದ ಬೆಂಗಳೂರಿನ ಸೂರ್ಯನ ಮಧ್ಯಾಹ್ನ ಸರಾಸರಿ ಲೆಕ್ಕದಲ್ಲಿ ಗಡಿಯಾರದ 12ಕ್ಕಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ. ರೈಲು ಬರುವವರೆಗೆ ಈ ವ್ಯತ್ಯಾಸಗಳಿಂದ ಯಾರಿಗೂ ತೊಂದರೆಯಿರಲಿಲ್ಲ. ರೈಲು ಬಂದ ಮೇಲೆ ವೇಳಾಪಟ್ಟಿಗೆ ಒಂದೇ ಹೊತ್ತು ಬೇಕಾಯಿತು. 1792ರಲ್ಲಿ ಕಟ್ಟಿದ ಮದರಾಸಿನ ಖಗೋಳ ವೀಕ್ಷಣಾಲಯದ ಹೊತ್ತು, ಅಂದರೆ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿನದು, ಭಾರತದ ರೈಲುಗಳ ಹೊತ್ತಾಯಿತು. 1906ರ ಜನವರಿ 1ರಂದು ಐದೂವರೆ ಗಂಟೆಯ ಭಾರತೀಯ ಕಾಲಮಾನ ಜಾರಿಗೆ ಬಂದಿತು. ಕಲ್ಕತ್ತೆ ತನ್ನ ಹೊತ್ತನ್ನು 1948ರವರೆಗೆ ಬಿಡಲಿಲ್ಲ. ಮುಂಬಯಿ 1955ರವರೆಗೆ ಬಿಡಲಿಲ್ಲ. ತಮ್ಮ ನೆತ್ತಿಯ ಸೂರ್ಯನನ್ನು ಬಿಟ್ಟುಕೊಟ್ಟು ಬೇರೆಯವರ ಹೊತ್ತನ್ನು ಒಪ್ಪುವುದು ಜನಕ್ಕೆ ಅಷ್ಟು ಸುಲಭವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಹೊತ್ತನ್ನು ಹಂಚುವ ಕೆಲಸ ವ್ಯವಸ್ಥಿತವಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. 1833ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮಾಳಿಗೆಯ ಮೇಲೆ ಕಂಬವೊಂದನ್ನು ನಿಲ್ಲಿಸಿ ಅದಕ್ಕೆ ದೊಡ್ಡದೊಂದು ಚೆಂಡನ್ನು ಅಳವಡಿಸಿದರು. ಪ್ರತಿದಿನ ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ಆ ಚೆಂಡು ಕಂಬದಿಂದ ಕೆಳಗೆ ಜಾರುತ್ತಿತ್ತು. ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಡಗುಗಳವರು ದುರ್ಬೀನಿನಲ್ಲಿ ಅದನ್ನು ನೋಡಿ ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದರು. 12 ಗಂಟೆಗೆ ಏಕಿಲ್ಲ ಎಂದರೆ, ಆ ವೇಳೆಗೆ ಖಗೋಳಜ್ಞರು ಸೂರ್ಯನನ್ನು ನೋಡುವ ಕೆಲಸದಲ್ಲಿರುತ್ತಿದ್ದರು! ಮಾಳಿಗೆಯ ಮೇಲೆ ಕಂಬ, ಕಂಬದ ಮೇಲೆ ದುಂಡನೆಯ ವಸ್ತು, ಅದರಿಂದ ಸರಿಯಾದ ಹೊತ್ತು. ನಮ್ಮ ಹುಡುಗನ ತಾರಸಿಯ ಏರ್ಪಾಡು ಅಷ್ಟೇನೂ ಹೊಸತಲ್ಲವೆಂದು ನಗುವವರಿಗೆ ಹೇಳಬಹುದು.

ಆದರೆ ಊರೊಳಗಿನ ಗಡಿಯಾರದಂಗಡಿಯವರಿಗೆ ಆ ಚೆಂಡು ಕಾಣುತ್ತಿರಲಿಲ್ಲ. ಅವರು ವೀಕ್ಷಣಾಲಯದ ಬಾಗಿಲಿಗೇ ಬಂದು ಸಮಯ ಕೇಳತೊಡಗಿದಾಗ ಅಲ್ಲಿಯವರಿಗೆ ಕಿರಿಕಿರಿಯಾಯಿತು. ಆಗ ಜಾನ್ ಹೆನ್ರಿ ಬೆಲ್ವಿಲ್ ಎಂಬ ಸಹಾಯಕ 1836ರಿಂದ ಒಂದು ವಿಚಿತ್ರ ವೃತ್ತಿ ಆರಂಭಿಸಿದ. ಅರ್ನಾಲ್ಡ್ ಎಂಬ ಪ್ರಸಿದ್ಧ ಗಡಿಯಾರಗಾರ ಮಾಡಿದ್ದ ಜೇಬುಗಡಿಯಾರವನ್ನು ಗ್ರೀನಿಚ್‌ನಲ್ಲಿ ಸರಿಪಡಿಸಿಕೊಂಡು, ಲಂಡನ್ನಿನ ಬೀದಿಗಳಲ್ಲಿ ಸುತ್ತಿ, ಚಂದಾ ಕೊಟ್ಟವರಿಗೆ ತೋರಿಸಿ ಬರುವುದು. ಅಂದರೆ ಸಮಯದ ಮಾರಾಟ. ಕಳ್ಳರ ಕಣ್ಣು ಬೀಳದಿರಲೆಂದು ಆ ಗಡಿಯಾರದ ಚಿನ್ನದ ಕವಚವನ್ನು ತೆಗೆಸಿ ಬೆಳ್ಳಿಯದನ್ನು ಹಾಕಿಸಿದ್ದನಂತೆ. 1856ರಲ್ಲಿ ಅವನು ತೀರಿಕೊಂಡ ಮೇಲೆ ಪತ್ನಿ ಮರಿಯಾ ಅದೇ ವೃತ್ತಿಯನ್ನು 1892ರವರೆಗೆ ನಡೆಸಿದಳು. ಆಮೇಲೆ ಮಗಳು ರೂತ್. ವಾರಕ್ಕೊಮ್ಮೆ ಗ್ರೀನಿಚ್‌ನ ಬಾಗಿಲಿಗೆ ಹೋಗಿ, ಗಡಿಯಾರ ಎಷ್ಟು ಹಿಂದೆ ಅಥವಾ ಎಷ್ಟು ಮುಂದೆ ಇದೆಯೆಂಬ ಚೀಟಿ ಬರೆಸಿಕೊಂಡು, ರೂತ್ ತನ್ನ ಗಿರಾಕಿಗಳ ಮನೆಮನೆಗೆ ಹೋಗುತ್ತಿದ್ದಳು.

ಆ ಹೊತ್ತಿಗಾಗಲೇ ತಂತಿಯ ಮೂಲಕ ಸಮಯ ಕಳುಹಿಸುವ ಕಂಪನಿಗಳು ಹುಟ್ಟಿದ್ದವು. 1908ರಲ್ಲಿ ಅಂಥ ಕಂಪನಿಯೊಂದರ ನಿರ್ದೇಶಕ ತುಂಬಿದ ಸಭೆಯಲ್ಲಿ ಅವಳನ್ನು ಹಂಗಿಸಿದ. ಹೆಂಗಸಾದ ಕಾರಣದಿಂದಲೇ ಅವಳ ವ್ಯಾಪಾರ ನಡೆಯುತ್ತಿದೆಯೆಂಬ ಅರ್ಥದ ಮಾತನ್ನೂ ಆಡಿದ. ಭಾಷಣ ಪತ್ರಿಕೆಯಲ್ಲಿ ಬಂದಿತು. ಅದರಿಂದ ಆದದ್ದು ಅವಳಿಗೆ ಪುಕ್ಕಟೆ ಪ್ರಚಾರ. ಬಿಬಿಸಿ 1924ರ ಫೆಬ್ರವರಿ 5ರಂದು ರೇಡಿಯೋದಲ್ಲಿ ಆರು ಪಿಪ್ ಸದ್ದುಗಳನ್ನು ಆರಂಭಿಸಿದಾಗಲೂ, 1936ರಲ್ಲಿ ದೂರವಾಣಿಯಲ್ಲಿ ಸಮಯ ಹೇಳುವ ಸೇವೆ ಬಂದಾಗಲೂ ರೂತ್ ತನ್ನ ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸಿದ್ದು 1940ರಲ್ಲಿ, ಎಂಬತ್ತು ದಾಟಿದ ಮೇಲೆ, ಮಹಾಯುದ್ಧದ ನಡುವೆ. ತಂತಿ ಕೆಡುತ್ತದೆ, ಕಂಪನಿ ಮುಚ್ಚುತ್ತದೆ. ಅವಳು ಮಾತ್ರ ವಾರಕ್ಕೊಮ್ಮೆ ಬಂದೇ ಬರುತ್ತಿದ್ದಳು, ಕೈಯಲ್ಲಿ ತಪ್ಪೆಷ್ಟೆಂದು ಬರೆದ ಚೀಟಿಯೊಡನೆ. ನನಗಂತೂ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಚೀಟಿ.

ನಮ್ಮ ಕಾಲದ ಮಾತೂ ಬೇರೆಯಲ್ಲ. ಆಕಾಶವಾಣಿಯ ವಾರ್ತೆಗೆ ಮುನ್ನ ಬರುತ್ತಿದ್ದ ಪಿಪ್ ಸದ್ದು ನಿಮ್ಮಲ್ಲಿ ಹಳಬರಿಗೆ ನೆನಪಿರಬೇಕು. ಎಚ್‌ಎಂಟಿ ಕೈಗಡಿಯಾರದ ಕೀಲಿಯನ್ನು ಎಳೆದು ಹಿಡಿದುಕೊಂಡು ಕಾಯುತ್ತಿದ್ದೆವು. ಕೊನೆಯ ಸದ್ದಿಗೆ ಸರಿಯಾಗಿ ಒತ್ತುತ್ತಿದ್ದೆವು. ಮುಖ್ಯೋಪಾಧ್ಯಾಯರ ಗಡಿಯಾರ ರೇಡಿಯೋ ನೋಡಿಕೊಂಡು, ಜವಾನನ ಗಡಿಯಾರ ಮುಖ್ಯೋಪಾಧ್ಯಾಯರನ್ನು ನೋಡಿಕೊಂಡು, ತೂಗುಹಾಕಿದ ರೈಲುಕಂಬಿಯ ತುಂಡು ಜವಾನನನ್ನು ನೋಡಿಕೊಂಡು, ನೀವೆಲ್ಲ ಆ ಕಂಬಿಯ ಸದ್ದನ್ನು ನಂಬಿಕೊಂಡು ಬದುಕುತ್ತಿದ್ದಿರಿ. ಈ ಸರಪಳಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ನಡುವೆ ಗಡಿಯಾರದ ಒಳಗೇ ಕ್ರಾಂತಿಯಾಗಿತ್ತು. 1955ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಪರಮಾಣುವಿನ ಕಂಪನವನ್ನು ಎಣಿಸುವ ಗಡಿಯಾರ ನಿರ್ಮಿಸಿದರು. 1967ರಲ್ಲಿ ಸೆಕೆಂಡಿನ ವ್ಯಾಖ್ಯೆಯೇ ಬದಲಾಯಿತು. ಭೂಮಿಯ ಚಲನೆಯ ಬದಲು ಸೀಸಿಯಂನ 9,192,631,770 ಕಂಪನಗಳು ಒಂದು ಸೆಕೆಂಡು ಎಂದಾಯಿತು.

ಇನ್ನು ಆಕಾಶದ ಕಥೆ. 1957ರ ಅಕ್ಟೋಬರ್ 4ರಂದು ರಷ್ಯನ್ನರು ಸ್ಪುಟ್ನಿಕ್ ಹಾರಿಸಿದಾಗ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಗೈಯರ್, ಜಾರ್ಜ್ ವೈಫನ್‌ಬಾಕ್ ಎಂಬಿಬ್ಬರು ಅದರ ಬೀಪ್ ಸದ್ದನ್ನು ಕೇಳುತ್ತ ಕುಳಿತರು. ಹತ್ತಿರ ಬರುವಾಗ ರೈಲಿನ ಸಿಳ್ಳು ತಾರಕಕ್ಕೇರಿ ದೂರ ಸರಿಯುವಾಗ ಇಳಿಯುತ್ತದಲ್ಲ, ಅದೇ ಡಾಪ್ಲರ್ ಪರಿಣಾಮದಿಂದ ಉಪಗ್ರಹದ ಹಾದಿಯನ್ನು ಲೆಕ್ಕ ಹಾಕಿದರು. 1958ರಲ್ಲಿ ಅವರ ಮೇಲಧಿಕಾರಿ ಫ್ರಾಂಕ್ ಮಕ್‌ಕ್ಲೂರ್ ಪ್ರಶ್ನೆಯನ್ನು ತಿರುಗಿಸಿ ಹಾಕಿದ. ಉಪಗ್ರಹದ ಹಾದಿ ಗೊತ್ತಿದ್ದರೆ ಕೇಳುವವನು ಎಲ್ಲಿದ್ದಾನೆಂದು ತಿಳಿಯಬಹುದಲ್ಲವೆ? ಇದರಿಂದ ಹುಟ್ಟಿದ್ದು ನೌಕಾಪಡೆಯ ಟ್ರಾನ್ಸಿಟ್ ಉಪಗ್ರಹಗಳು. ಅದೇ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ರೋಜರ್ ಈಸ್ಟನ್ ಇನ್ನೊಂದು ದಾರಿ ಹಿಡಿದ. ಗಡಿಯಾರವನ್ನೇ ಉಪಗ್ರಹಕ್ಕೇರಿಸಬೇಕೆಂಬುದು ಅವನ ವಿಚಾರ. 1967ರಲ್ಲಿ ಅವನ ಮೊದಲ ಟೈಮೇಶನ್ ಉಪಗ್ರಹ ಸ್ಫಟಿಕದ ಗಡಿಯಾರ ಹೊತ್ತು ಹೋಯಿತು. ಟೈಮ್ ಮತ್ತು ನ್ಯಾವಿಗೇಶನ್ ಕೂಡಿ ಆದ ಹೆಸರು ಅದು. ಟೈಮ್ ಮೊದಲು ಬಂದಿರುವುದನ್ನು ಗಮನಿಸಿ.

1977ರಲ್ಲಿ ಎನ್‌ಟಿಎಸ್-2 ಎಂಬ ಉಪಗ್ರಹ ಸೀಸಿಯಂ ಗಡಿಯಾರದೊಡನೆ ಮೇಲೇರಿದಾಗ ನಡೆದ ಪ್ರಸಂಗವನ್ನು ತರಗತಿಯಲ್ಲಿ ಹೇಳಲು ಸಿಗಲಿಲ್ಲವಲ್ಲ ಎಂಬ ಹಳಹಳಿ ನನಗಿದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ, ಎತ್ತರದಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡು ಮುಂದೆ ಓಡಬೇಕು, ವೇಗದ ಕಾರಣದಿಂದ ಸುಮಾರು 7 ಮೈಕ್ರೋಸೆಕೆಂಡು ಹಿಂದೆ ಬೀಳಬೇಕು. ಒಟ್ಟು 38 ಮುಂದೆ. ಇದು ನಿಜವಾಗಿ ಹೀಗೆಯೇ ಆಗುತ್ತದೆಯೇ ಎಂಬ ಸಂಶಯ ಯೋಜನೆಯಲ್ಲಿದ್ದ ಕೆಲವರಿಗೇ ಇತ್ತು. ಹಾಗಾಗಿ ತಿದ್ದುಪಡಿಯ ಸಾಧನವನ್ನು ಒಳಗೆ ಇಟ್ಟು, ಅದನ್ನು ಚಾಲೂ ಮಾಡದೆ ಉಪಗ್ರಹವನ್ನು ಹಾರಿಸಿದರು. ಸುಮಾರು ಇಪ್ಪತ್ತು ದಿನ ನೋಡಿದರು. ಗಡಿಯಾರ ಐನ್‌ಸ್ಟೈನ್ ಹೇಳಿದಷ್ಟೇ, ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲಿನ ಅಂತರದಲ್ಲಿ, ಮುಂದೆ ಓಡಿತ್ತು. ಆಮೇಲೆ ಸಾಧನವನ್ನು ಚಾಲೂ ಮಾಡಿದರು. 38 ಮೈಕ್ರೋಸೆಕೆಂಡು ಯಾವ ಲೆಕ್ಕ ಎನ್ನಬೇಡಿ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ತಿದ್ದದೆ ಬಿಟ್ಟರೆ ಒಂದೇ ದಿನಕ್ಕೆ ಲೆಕ್ಕ ಅಷ್ಟು ದೂರ ತಪ್ಪುತ್ತದೆ.

1978ರ ಫೆಬ್ರವರಿ 22ರಂದು ಮೊದಲ ಜಿಪಿಎಸ್ ಉಪಗ್ರಹ ಹಾರಿತು. ಜಿಪಿಎಸ್ ಎಂದರೆ ದಾರಿ ತೋರಿಸುವ ಯಂತ್ರವೆಂದೇ ಎಲ್ಲರೂ ತಿಳಿದಿದ್ದೇವೆ. ವಾಸ್ತವವಾಗಿ ಅದು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಪರಮಾಣು ಗಡಿಯಾರಗಳ ಗುಂಪು. ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆ, ಈಗ ಹೊತ್ತೆಷ್ಟು ಎಂದು ಸಾರುತ್ತಿರುತ್ತದೆ. ನಾಲ್ಕು ಉಪಗ್ರಹಗಳ ಮಾತು ಕೇಳಿದರೆ ನಮ್ಮ ಅಕ್ಷಾಂಶ, ರೇಖಾಂಶ, ಎತ್ತರಗಳ ಜೊತೆಗೆ ನಾಲ್ಕನೆಯದಾಗಿ ನಮ್ಮ ಗಡಿಯಾರದ ತಪ್ಪೆಷ್ಟು ಎಂಬುದೂ ಸಿಗುತ್ತದೆ. ರೂತ್ ಬೆಲ್ವಿಲ್‌ಳ ಚೀಟಿ ಈಗ ಆಕಾಶದಿಂದ ಬೀಳುತ್ತಿದೆ ಎನ್ನಬಹುದು.

ಆದರೆ ಇದು ಸೇನೆಯ ಸ್ವತ್ತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದಾಗ 269 ಜನ ಸತ್ತರು. ಆನಂತರ ಜಿಪಿಎಸ್ ಸಿದ್ಧವಾದೊಡನೆ ಜನಸಾಮಾನ್ಯರಿಗೂ ಉಚಿತವಾಗಿ ದೊರೆಯುವುದೆಂದು ಅಧ್ಯಕ್ಷ ರೇಗನ್ ಸರ್ಕಾರ ಘೋಷಿಸಿತು. ಕೊಟ್ಟದ್ದು ಪೂರ್ತಿ ಶುದ್ಧವಾದದ್ದಲ್ಲ. ಜನರ ಬಳಕೆಯ ಸಂಕೇತಕ್ಕೆ ಬೇಕೆಂದೇ ಸಣ್ಣ ತಪ್ಪುಗಳನ್ನು ಬೆರೆಸುತ್ತಿದ್ದರು. ಹಾಲಿಗೆ ನೀರು ಬೆರೆಸಿದಂತೆ! ಇದು ನಿಂತದ್ದು 2000ದ ಮೇ ತಿಂಗಳ ಮೊದಲ ವಾರದಲ್ಲಿ, ಕ್ಲಿಂಟನ್ ಆದೇಶದಿಂದ.

ಆ ನೀರು ಬೆರೆಸಿದ ಕಾಲದಲ್ಲಿಯೇ ಮನೆಯ ಮಾಳಿಗೆಗೆ ಜಿಪಿಎಸ್ ಗಡಿಯಾರ ತಂದವರು ಹವ್ಯಾಸಿ ರೇಡಿಯೋದವರು. ನಾಸಾದ ಗಾಡರ್ಡ್ ಕೇಂದ್ರದಲ್ಲಿದ್ದ ಟಾಮ್ ಕ್ಲಾರ್ಕ್ ಖಗೋಳ ವೀಕ್ಷಣೆಯ ಅಗತ್ಯಕ್ಕಾಗಿ 1990ರ ದಶಕದಲ್ಲಿ ಅಗ್ಗದ ಜಿಪಿಎಸ್ ರಿಸೀವರ್ ಬಳಸಿ ಗಡಿಯಾರವೊಂದನ್ನು ರೂಪಿಸಿದ. ‘ಟೋಟಲಿ ಆಕ್ಯುರೇಟ್ ಕ್ಲಾಕ್’ ಎಂದು ತಮಾಷೆಯ ಹೆಸರಿಟ್ಟ. ಒಂದೇ ಜಾಗದಲ್ಲಿ ಕದಲದೆ ನಿಂತ ಆಂಟೆನಾ ದೀರ್ಘಕಾಲ ಕೇಳಿ ಸರಾಸರಿ ತೆಗೆದರೆ, ಬೆರೆಸಿದ ನೀರು ಬಹುಮಟ್ಟಿಗೆ ಬೇರೆಯಾಗುತ್ತದೆ ಎಂದು ತೋರಿಸಿಕೊಟ್ಟ. ಅವನ ವಿನ್ಯಾಸದ ಬಿಡಿಭಾಗಗಳ ಪೊಟ್ಟಣ ಹವ್ಯಾಸಿಗಳ ಸಂಘದ ಮೂಲಕ ಮನೆಮನೆಗೆ ಹೋಯಿತು.

ಹೀಗೆ ಮನೆಗೆ ಬಂದ ಹೊತ್ತನ್ನು ಹಂಚುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಡೇವಿಡ್ ಮಿಲ್ಸ್. ಹುಟ್ಟಿನಿಂದಲೇ ಕಣ್ಣಿನ ರೋಗವಿದ್ದು, ಇಳಿವಯಸ್ಸಿನಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ ಈ ಅಧ್ಯಾಪಕರು 2024ರ ಜನವರಿಯಲ್ಲಿ ತೀರಿಕೊಂಡರು. 1985ರಲ್ಲಿ ಅವರು ಪ್ರಕಟಿಸಿದ ಎನ್‌ಟಿಪಿ ಎಂಬ ನಿಯಮಾವಳಿಯಿಂದಲೇ ಇಂದಿಗೂ ಜಗತ್ತಿನ ಕಂಪ್ಯೂಟರುಗಳು ಪರಸ್ಪರ ಸಮಯ ಕೇಳಿಕೊಳ್ಳುತ್ತವೆ. ಪತ್ರ ಬರೆದು ಸಮಯ ಕೇಳಿದರೆ ಉತ್ತರ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಹೋಗಿಬಂದ ಒಟ್ಟು ಕಾಲವನ್ನು ಅಳೆದು ಅರ್ಧ ಮಾಡಿ ಸೇರಿಸಿಕೊಳ್ಳಬೇಕು. ಹೋಗುವ ಕಾಲ, ಬರುವ ಕಾಲ ಸಮವಾಗಿದ್ದರೆ ಲೆಕ್ಕ ಸರಿ. ಆಗುಂಬೆ ಘಾಟಿ ಹತ್ತುವ ಬಸ್ಸಿಗೂ ಇಳಿಯುವ ಬಸ್ಸಿಗೂ ಒಂದೇ ಸಮಯ ಸಾಕೆ? ಇಂಟರ್‌ನೆಟ್ಟಿನಲ್ಲಿಯೂ ಹಾಗೆಯೇ, ಆದ್ದರಿಂದ ದೂರದಿಂದ ಕೇಳಿದ ಸಮಯದಲ್ಲಿ ಸೆಕೆಂಡಿನ ಸಾವಿರದ ಕೆಲವು ಪಾಲಿನಷ್ಟು ತಪ್ಪು ಉಳಿದೇ ಉಳಿಯುತ್ತದೆ. ಮಿಲ್ಸ್ ಅವರು ಗಡಿಯಾರಗಳಿಗೆ ಸ್ತರಗಳನ್ನು ನಿಗದಿಪಡಿಸಿದರು. ಪರಮಾಣು ಗಡಿಯಾರ ಅಥವಾ ಜಿಪಿಎಸ್ ಸೊನ್ನೆಯ ಸ್ತರ, ಅದಕ್ಕೆ ನೇರವಾಗಿ ಜೋಡಿಸಿದ ಸರ್ವರ್ ಒಂದನೆಯದು, ಅದನ್ನು ಕೇಳುವುದು ಎರಡನೆಯದು. ರೇಡಿಯೋ, ಮುಖ್ಯೋಪಾಧ್ಯಾಯರು, ಜವಾನ, ರೈಲುಕಂಬಿ!

2003ರಲ್ಲಿ ಮನೆಬಳಕೆಯ ಒಂದು ಬಗೆಯ ಇಂಟರ್‌ನೆಟ್ ಪೆಟ್ಟಿಗೆಗಳು, ತಯಾರಿಕೆಯ ದೋಷದಿಂದ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒಂದೇ ಸರ್ವರ್‌ಗೆ ಮುಗಿಬಿದ್ದು ಸಮಯ ಕೇಳತೊಡಗಿದವು. ಜೂನ್ ವೇಳೆಗೆ ಸೆಕೆಂಡಿಗೆ ಎರಡೂವರೆ ಲಕ್ಷ ಕೋರಿಕೆಗಳು. ಸಾರ್ವಜನಿಕ ಸರ್ವರ್‌ಗಳ ಮೇಲಿನ ಇಂಥ ಹೊರೆಯನ್ನು ಹಗುರಗೊಳಿಸಲೆಂದು ಅದೇ ವರ್ಷ ಸ್ವಯಂಸೇವಕರ ಎನ್‌ಟಿಪಿ ಪೂಲ್ ಆರಂಭವಾಗಿತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ ಕಂಡಿದ್ದೀರಲ್ಲ, ಇದು ಸಮಯದ ಅರವಟ್ಟಿಗೆ. ಯಾರು ಬಂದರೂ ಕೇಳಬಹುದು, ಹಣವಿಲ್ಲ. ನಮ್ಮ ಹುಡುಗನ ಸರ್ವರ್ ಸಹ ಇದರಲ್ಲಿದೆ.

ಅವನ ತಾರಸಿಯ ಕೆಲಸವನ್ನು ನಾನು ಎರಡು ಭಾನುವಾರ ಕುಳಿತು ನೋಡಿದೆ. ತಂಗಿ ಸಂಡಿಗೆ ಒಣಗಿಸುವ ಮೂಲೆಯೇ ಅವನಿಗೆ ಬೇಕಾಗಿತ್ತು, ಏಕೆಂದರೆ ಅಲ್ಲಿಂದ ಮಾತ್ರ ನಾಲ್ಕು ದಿಕ್ಕಿನ ಆಕಾಶವೂ ಕಾಣುತ್ತದೆ. ಬೇರೆಡೆ ತೆಂಗಿನ ಗರಿಗಳ ಅಡ್ಡಿ. ಒದ್ದೆಯಾದ ಎಲೆಗಳು ಈ ಸಂಕೇತವನ್ನು ನುಂಗಿಬಿಡುತ್ತವಂತೆ. ಉಪಗ್ರಹದಿಂದ ಬರುವ ಶಕ್ತಿಯಾದರೂ ಎಷ್ಟು? ನಮ್ಮ ತಲೆಯ ಮೇಲೆ ತಲುಪುವಷ್ಟರಲ್ಲಿ ಒಂದು ವ್ಯಾಟಿನ ಕೋಟಿ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ. “ತಗಡಿನ ಚಾವಣಿ ಹತ್ತಿರವಿದ್ದರೆ ಅದಕ್ಕೆ ಬಡಿದು ಬಂದ ಪ್ರತಿಧ್ವನಿಯೂ ಸೇರಿ ಲೆಕ್ಕ ಕೆಡುತ್ತದೆ ಮಾವ” ಎಂದ. ಅಣಬೆಯ ತಲೆ ಮೊನಚಾಗಿರುವುದು ಹಕ್ಕಿ ಕೂರದಿರಲಿ, ಮಳೆನೀರು ನಿಲ್ಲದಿರಲಿ ಎಂದು. ಸಿಡಿಲಿನ ಭಯಕ್ಕೆ ಕೊಳವೆಗೆ ಭೂಸಂಪರ್ಕ ಕೊಟ್ಟು, ಕೇಬಲ್ ಮನೆಯೊಳಗೆ ಬರುವಲ್ಲಿ ರಕ್ಷಕ ಹಾಕಿದ. ಕೇಬಲ್ಲಿನ ಉದ್ದವನ್ನು ಟೇಪು ಹಿಡಿದು ಅಳೆಸಿದ್ದು ನನ್ನಿಂದಲೇ. ಸಂಕೇತಕ್ಕೆ ಕೇಬಲ್ಲಿನಲ್ಲಿ ಒಂದು ಮೀಟರ್ ಸಾಗಲು 4ರಿಂದ 5 ನ್ಯಾನೊಸೆಕೆಂಡು ಬೇಕು. ಅಷ್ಟನ್ನೂ ಲೆಕ್ಕದಿಂದ ಕಳೆಯಬೇಕು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಓಡುವ ದೂರ ಸುಮಾರು 30 ಸೆಂಟಿಮೀಟರ್, ಅಂದರೆ ನಿಮ್ಮ ಕಂಪಾಸು ಪೆಟ್ಟಿಗೆಯ ಜೊತೆಗಿದ್ದ ಅಡಿಪಟ್ಟಿ ಎಂದು ನೆನಪಿಟ್ಟುಕೊಳ್ಳಿ. ಕೆಳಗೆ ಅಂಗೈಯಗಲದ ಕಂಪ್ಯೂಟರು. ರಿಸೀವರ್ ಅದಕ್ಕೆ ಪ್ರತಿ ಸೆಕೆಂಡಿನ ಆರಂಭದಲ್ಲಿ ಒಂದು ಮಿಡಿತ ಕೊಡುತ್ತದೆ. ಮೊದಲ ಒಂದು ಇಡೀ ದಿನ ಅದು ತಾನು ಎಲ್ಲಿದ್ದೇನೆಂದು ಅಳೆದುಕೊಂಡಿತು. ಸ್ಥಳ ಖಚಿತವಾದ ಮೇಲೆ ಸಮಯಕ್ಕೆ ಒಂದೇ ಉಪಗ್ರಹ ಕಂಡರೂ ಸಾಕು.

ಈ ಹುಚ್ಚು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಒಂದು ಉದಾಹರಣೆ. 2005ರಲ್ಲಿ ಅಮೆರಿಕದ ಹವ್ಯಾಸಿ ಟಾಮ್ ವಾನ್ ಬಾಕ್ ಮನೆಯಲ್ಲಿದ್ದ ಮೂರು ಸೀಸಿಯಂ ಗಡಿಯಾರಗಳನ್ನೂ ಮೂವರು ಮಕ್ಕಳನ್ನೂ ಕಾರಿನಲ್ಲಿ ತುಂಬಿಕೊಂಡು ರೇನಿಯರ್ ಪರ್ವತಕ್ಕೆ ಹೋಗಿ ಎರಡು ರಾತ್ರಿ ತಂಗಿ ಬಂದ. ಮನೆಯಲ್ಲಿ ಬಿಟ್ಟುಹೋಗಿದ್ದ ಗಡಿಯಾರಗಳೊಡನೆ ಹೋಲಿಸಿದಾಗ ಬೆಟ್ಟ ಹತ್ತಿದವು ಸುಮಾರು 22 ನ್ಯಾನೊಸೆಕೆಂಡು ಮುಂದಿದ್ದವು. ಮಕ್ಕಳಿಗೆ ಸಾಪೇಕ್ಷತೆ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರವಾಸ ಯಾವ ಶಾಲೆಯೂ ಏರ್ಪಡಿಸಿರಲಾರದು.

ಆಕಾಶದಿಂದ ಬಂದದ್ದೆಲ್ಲ ಸತ್ಯವೆಂದು ನಂಬಬೇಕಾಗಿಯೂ ಇಲ್ಲ. ಜಿಪಿಎಸ್ ವಾರಗಳನ್ನು ಎಣಿಸುವ ಲೆಕ್ಕ 1024ಕ್ಕೆ ಮತ್ತೆ ಸೊನ್ನೆಗೆ ತಿರುಗುತ್ತದೆ. 1980ರ ಜನವರಿ 6ರಿಂದ ಎಣಿಸಿ 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗಾಯಿತು. ಹಳೆಯ ರಿಸೀವರುಗಳು ಏಕಾಏಕಿ ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಿದ್ದುಂಟು. ಇದಕ್ಕಿಂತ ಗಂಭೀರವಾದದ್ದು 2016ರ ಜನವರಿ 26, ನಮ್ಮ ಗಣರಾಜ್ಯೋತ್ಸವದ ದಿನದ ಘಟನೆ. ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ಆದ ಲೋಪದಿಂದ ಉಳಿದ ಹಲವು ಉಪಗ್ರಹಗಳು ಸುಮಾರು 13 ಮೈಕ್ರೋಸೆಕೆಂಡಿನ ತಪ್ಪನ್ನು ಗಂಟೆಗಟ್ಟಲೆ ಸಾರಿದವು. ವಾಹನದಲ್ಲಿ ದಾರಿ ನೋಡುವವರಿಗೆ ಏನೂ ತಿಳಿಯಲಿಲ್ಲ. ಆದರೆ ಆ ಹೊತ್ತನ್ನೇ ನಂಬಿದ್ದ ದೂರಸಂಪರ್ಕ ಸಾಧನಗಳು ಗೊಂದಲಗೊಂಡವು. ಬ್ರಿಟನ್ನಿನ ಹಲವೆಡೆ ಬಿಬಿಸಿಯ ಡಿಜಿಟಲ್ ರೇಡಿಯೋ ನಿಂತಿತು. ಆರು ಪಿಪ್ ಸದ್ದು ಹಂಚಿದ ಸಂಸ್ಥೆಗೇ ಹೊತ್ತು ಕೈಕೊಟ್ಟಿತು ನೋಡಿ. ಬೇರೆ ಗಡಿಯಾರದೊಡನೆ ತಾಳೆ ನೋಡುತ್ತಿದ್ದವರಿಗೆ ಮಾತ್ರ ತಪ್ಪು ಕೂಡಲೇ ಕಂಡಿತ್ತು. ಸ್ವಂತ ಆಂಟೆನಾ ಇಟ್ಟುಕೊಂಡವರೂ ಇಂಟರ್‌ನೆಟ್ಟಿನ ಮೂರು ನಾಲ್ಕು ಸರ್ವರುಗಳನ್ನು ಜೊತೆಗೆ ಕೇಳುತ್ತಿರಬೇಕೆಂಬುದು ಇದೇ ಕಾರಣಕ್ಕೆ.

ಒಂದೇ ದೇಶದ ಸೇನೆಯ ಗಡಿಯಾರವನ್ನು ಎಲ್ಲರೂ ನಂಬಿಕೊಂಡಿರಬಾರದೆಂದೇ ರಷ್ಯ, ಯುರೋಪು, ಚೀನಾ ತಮ್ಮವನ್ನು ಕಟ್ಟಿಕೊಂಡವು. ನಾವು ನಾವಿಕ್ ಕಟ್ಟಿಕೊಂಡೆವು. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಆದರೆ ಅವುಗಳೊಳಗಿನ ರುಬಿಡಿಯಂ ಗಡಿಯಾರಗಳು ವಿದೇಶದಿಂದ ತರಿಸಿದವು. ಮೊದಲ ಉಪಗ್ರಹದ ಮೂರು ಗಡಿಯಾರಗಳೂ ಕೆಟ್ಟುಹೋದ ವಿಷಯ 2017ರಲ್ಲಿ ಬಹಿರಂಗವಾಯಿತು. ಅದರ ಬದಲಿಗೆ 2017ರ ಆಗಸ್ಟ್ 31ರಂದು ಹಾರಿಸಿದ ಉಪಗ್ರಹ ರಾಕೆಟ್ಟಿನ ಶಿರಕವಚ ಬಿಚ್ಚದೆ ನಷ್ಟವಾಯಿತು. ಉಪಗ್ರಹ ನಮ್ಮದು, ರಾಕೆಟ್ಟು ನಮ್ಮದು, ಗಡಿಯಾರ ಮಾತ್ರ ಎರವಲು ಎಂಬ ಸ್ಥಿತಿ ಬದಲಾದದ್ದು 2023ರ ಮೇ 29ರಂದು, ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿ ತಯಾರಾದ ರುಬಿಡಿಯಂ ಗಡಿಯಾರವನ್ನು ಹೊತ್ತ ಎನ್‌ವಿಎಸ್-01 ಮೇಲೇರಿದಾಗ.

ಈ ಉಪಗ್ರಹಗಳಿಗೆ ಹೊತ್ತು ಕೊಡುವ ನೆಲದ ಗಡಿಯಾರಗಳು ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಅಲ್ಲಿನ ಇಸ್ರೋ ನೌಕಾಯಾನ ಕೇಂದ್ರ 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಸೀಸಿಯಂ ಮತ್ತು ಹೈಡ್ರೋಜನ್ ಗಡಿಯಾರಗಳು ಒಂದನ್ನೊಂದು ಪರೀಕ್ಷಿಸುತ್ತ ನಾವಿಕ್‌ನ ಹೊತ್ತನ್ನು ಕಾಯುತ್ತವೆ. ಅವುಗಳ ಹೊತ್ತು ಉಪಗ್ರಹಕ್ಕೆಂದು ಸುಮಾರು 36,000 ಕಿಲೋಮೀಟರ್ ಮೇಲೇರಿ ಮತ್ತೆ ಅಷ್ಟೇ ದೂರ ಇಳಿದು ಬರುತ್ತದೆ. ಮೊದಲ ತಲೆಮಾರಿನ ನಾವಿಕ್ ಉಪಗ್ರಹಗಳನ್ನು ಕೇಳಲು ಬೇರೆ ತರಂಗದ ಆಂಟೆನಾ ಬೇಕಾಗಿತ್ತು. ಎನ್‌ವಿಎಸ್-01 ಸಾಮಾನ್ಯ ಜಿಪಿಎಸ್ ಬಳಸುವ 1575.42 ಮೆಗಾಹರ್ಟ್ಸ್ ಕಂಪನಾಂಕದಲ್ಲಿಯೂ ಸಾರುತ್ತದೆ. ಆದ್ದರಿಂದ ಇನ್ನು ಮುಂದೆ ಆಂಟೆನಾ ಹಾಕಿಸುವ ಯೋಚನೆಯುಳ್ಳ ಶಿಷ್ಯರು ಅಂಗಡಿಯಲ್ಲಿ ಆಂಟೆನಾದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ರಿಸೀವರ್ ನಾವಿಕ್‌ನ ಈ ಹೊಸ ಸಂಕೇತವನ್ನೂ ಕೇಳಬಲ್ಲುದೇ ಎಂದು ವಿಚಾರಿಸಿ ಕೊಂಡರೆ ಸಾಕು.